ಅಂಬಾಬಾಯಿಯ ಮಷೀನು

“ಕಿವಿ ಹಚ್ಚಿ ಕೇಳಮ್ಮಾ. ಆವಾಜು ಮ್ಯಾಲಿಂದ ಬರ್ತದೋ, ಕೆಳಗಿಂದ ಬರ್ತದೋ?”

ಗದ್ವಾಲದಿಂದ ಮಗಳು ಕೃಷ್ಣಪ್ರಿಯಾ ಫೋನಿನಲ್ಲಿ ಕೇಳುತ್ತಿದ್ದಳು. ಇಲ್ಲಿ ತೆಲುಗು ಸೀಮೆಯ ನಾರಾಯಣಪೇಟೆಯ ಮನೆಯ ಹಿತ್ತಿಲ ಪಡಸಾಲೆಯಲ್ಲಿ ಅಂಬಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಪಾತ್ರೆ ತೊಳೆಯುವ ಮಷೀನಿನ ಬಾಗಿಲಿಗೆ ಕೆನ್ನೆ ಒತ್ತಿ ಕೂತಿದ್ದಳು. ಒಳಗೆ ಅದು ಮೊದಲು ಗುಂಯ್ ಎಂದು ನರಳಿತು. ಆಮೇಲೆ ಕಟಕಟ ಹಲ್ಲು ಕಡಿಯಿತು. ನಡುನಡುವೆ ಯಾರೋ ಬಾಯಿ ಮುಕ್ಕಳಿಸಿದ ಹಾಗೆ ಗುಳುಗುಳು. ಮೇಲಿನಿಂದ ಎಂದು ಹೇಳಬೇಕು ಎನ್ನುವಷ್ಟರಲ್ಲಿ ಕೆಳಗಿನಿಂದ ಬರುತ್ತಿತ್ತು.

“ಎಲ್ಲಾ ಕಡಿಂದನೂ ಬರ್ತದ,” ಎಂದಳು.

“ಹಂಗಂದ್ರ ಹ್ಯಾಂಗಮ್ಮಾ? ಸರಿಯಾಗಿ ಕೇಳು.”

“ಕೇಳೇ ಕೇಳೀನಿ! ಒಂದು ವಾರದಿಂದ ಇದೊಂದೇ ಕೇಳ್ಲಿಕ್ಕೆ ಹತ್ತೀನಿ. ನಿದ್ದಿಯೊಳಗೂ ಇದೇ ಕೇಳಸ್ತದ. ನೀನೇ ಬಂದು ಕೆನ್ನಿ ಹಚ್ಚಿ ಕೂಡು ಬಾ.”

ಅಷ್ಟರಲ್ಲಿ ದೇವರ ಮನೆಯಿಂದ ಗಂಟೆ ಬಾರಿಸುವ ಸದ್ದು ಬಂತು. ಬಂತು ಅಂದರೆ ಸಾಧಾರಣ ಸದ್ದಲ್ಲ, ಓಣಿಯ ಆ ತುದಿಗೆ ಕೇಳುವಂಥದ್ದು. ಮೂವತ್ತು ವರ್ಷ ಆ ಪೂಜೆಯ ಪಕ್ಕದಲ್ಲೇ ಬದುಕಿದವಳಿಗೆ ಯಾವಾಗ ಗಂಟೆ, ಯಾವಾಗ ಶಂಖ ಎಂದು ಹೇಳಿಕೊಡಬೇಕೇ? ಇದು ಗಂಟೆ ಬಾರಿಸುವ ಹೊತ್ತೇ ಅಲ್ಲ. ಆ ಗಂಟೆ ದೇವರಿಗಲ್ಲ, ತನಗೆ ಎಂದು ಅಂಬಾಬಾಯಿಗೆ ಚೆನ್ನಾಗಿ ಗೊತ್ತಾಯಿತು. ಮಷೀನಿನ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು. ಗಂಟೆಯೂ ನಿಂತಿತು.

“ನಿಮ್ಮಪ್ಪಂದು ಶುರು ಆತು. ಇಡ್ತೀನಿ,” ಎಂದು ಫೋನು ಇಟ್ಟಳು.

ಅಂಬಾಬಾಯಿಯ ಗಂಡ ವಿಜಯೀಂದ್ರ ಆಚಾರ್ಯರು ತಹಸೀಲ್ ಕಚೇರಿಯಲ್ಲಿ ಸೀನಿಯರ್ ಅಸಿಸ್ಟೆಂಟು. ಹಗಲು ಹೊತ್ತು ಜನರ ದರಖಾಸ್ತು, ಪಹಣಿ, ಪಂಚನಾಮೆ. ಬೆಳಿಗ್ಗೆ ಎರಡು ತಾಸು ಒದ್ದೆ ಪಂಚೆ, ಮಡಿ, ಪೂಜೆ. ಕಚೇರಿಯಲ್ಲಿ ಯಾರೊಬ್ಬರ ಮೇಲೂ ನಡೆಯದ ಹುಕುಂ ಮನೆಯಲ್ಲಿ ನಡೆಯುತ್ತಿತ್ತು. ಮಂತ್ರಾಲಯಕ್ಕೆ ಹೋಗುವವರು, ಮಂತ್ರಾಲಯದಿಂದ ಬರುವವರು, ಅತ್ತ ರಾಯಚೂರಿನ ನೆಂಟರು, ಇತ್ತ ಗದ್ವಾಲದ ಬೀಗರು, ಎಲ್ಲರಿಗೂ ಈ ಮನೆಯಲ್ಲಿ ಒಂದು ಹೊತ್ತಿನ ಊಟ ಇದ್ದದ್ದೇ. ಬಡಿಸುವಾಗ ಆಚಾರ್ಯರು ಮುಂದೆ ನಿಂತು “ಇನ್ನೊಂದು ಸೌಟು, ಸಂಕೋಚ ಬ್ಯಾಡ” ಎನ್ನುವರು. ಉಂಡವರು ಎದ್ದು ಹೋದ ಮೇಲೆ ಪಾತ್ರೆಗಳ ರಾಶಿಯ ಮುಂದೆ ಅಂಬಾಬಾಯಿ ಒಬ್ಬಳೇ ಕೂಡುವಳು.

ತಟ್ಟೆ, ಲೋಟ ತಿಕ್ಕಲು ಮೊಗುಲಮ್ಮ ಬರುತ್ತಾಳೆ. ಆದರೆ ಅಡುಗೆಯ ಪಾತ್ರೆ, ದೇವರಿಗೆ ನೈವೇದ್ಯ ಮಾಡುವ ಪಾತ್ರೆ ಅವಳ ಕೈಗೆ ಕೊಡುವ ಹಾಗಿಲ್ಲ. ಅದು ಮಡಿಗೆ ಬರುವುದಿಲ್ಲ. ಹಾಗಾಗಿ ಮೂವತ್ತು ವರ್ಷದಿಂದ ಹಿತ್ತಲಿನ ಕಲ್ಲಿನ ಮೇಲೆ, ಬಾವಿ ನೀರಿನಲ್ಲಿ, ಹುಣಸೆಹಣ್ಣು ಸೀಗೆಪುಡಿ ಹಾಕಿ ತಿಕ್ಕಿದವಳು ಅಂಬಾಬಾಯಿ. ಈ ಬೇಸಿಗೆಯಲ್ಲಿ ಅವಳ ಬೆರಳುಗಳ ಗೆಣ್ಣುಗೆಣ್ಣಿನಲ್ಲೂ ಚರ್ಮ ಸೀಳಿತು. ಸೀಳಿದ ಕಡೆ ಹುಣಸೆಯ ರಸ ತಾಗಿದರೆ ಪ್ರಾಣ ಹೋಗಿ ಬರುತ್ತಿತ್ತು. ರಾಯಚೂರಿನ ಡಾಕ್ಟರು ಎರಡೂ ಕೈ ತಿರುಗಿಸಿ ಮುರುಗಿಸಿ ನೋಡಿ, ಒಂದು ಮುಲಾಮು ಬರೆದು, ಮೂರು ತಿಂಗಳು ಈ ಕೈ ನೀರಿಗೆ ಬೀಳಬಾರದು, ಬಿದ್ದರೆ ಬೆರಳು ಮಡಚುವುದಕ್ಕೂ ಬಾರದ ಹಾಗೆ ಆದೀತು ಎಂದಿದ್ದರು. ಆಚಾರ್ಯರು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದರು. ಬಸ್ಸಿನಲ್ಲಿ ಬರುವಾಗ, “ಡಾಕ್ಟರು ಹಂಗ ಹೇಳ್ತಾರ. ಅವರ ಮನಿಯಾಗ ಮಡಿ ಎಲ್ಲಿ ಅದ?” ಎಂದಿದ್ದರು.

ಮಷೀನು ತಂದದ್ದು ಕೃಷ್ಣಪ್ರಿಯಾ. ಅಪ್ಪ ಬೇಡವೆಂದದ್ದಕ್ಕೆ, “ಮೊಗುಲಮ್ಮ ಮುಟ್ಟಬಾರದು, ಅಮ್ಮನ ಕೈಲೆ ಆಗಂಗಿಲ್ಲ. ಮತ್ತ ಯಾರು ತೊಳೀಬೇಕಪ್ಪಾ? ಮಷೀನಿಗಾದ್ರೂ ಜಾತಿ ಇಲ್ಲಲಾ?” ಎಂದು ಒಂದೇ ಮಾತಿನಲ್ಲಿ ಅವರ ಬಾಯಿ ಕಟ್ಟಿದ್ದಳು. ಅಡುಗೆಮನೆಯಲ್ಲಿ ಬೇಡ, ಹಿತ್ತಿಲ ಪಡಸಾಲೆಯಲ್ಲಿ ಇರಲಿ ಎಂದು ಫೈಸಲಾ ಆಯಿತು. ಹಿಡಿಸದಿದ್ದರೆ ಹತ್ತು ದಿನದೊಳಗೆ ಕಂಪನಿಯವರು ವಾಪಸು ಒಯ್ಯುತ್ತಾರೆ ಎಂಬ ಮಾತನ್ನು ಆಚಾರ್ಯರು ತಪ್ಪದೆ ನೆನಪಿಟ್ಟುಕೊಂಡರು. ಅದು ಬಂದ ರಟ್ಟಿನ ಡಬ್ಬಿಯನ್ನು ಹರಿಯಲು ಬಿಡದೆ ನಡುಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿದರು. ಹೋಗುತ್ತಾ ಬರುತ್ತಾ ಅಂಬಾಬಾಯಿಯ ಮೊಣಕೈ ಅದಕ್ಕೇ ಬಡಿಯುತ್ತಿತ್ತು.

ಮೊದಲೆರಡು ದಿನ ಮಷೀನು ಇದೆಯೋ ಇಲ್ಲವೋ ಎನ್ನುವಷ್ಟು ಸುಮ್ಮನಿತ್ತು. ಸುಮ್ಮನಿರದವರು ಆಚಾರ್ಯರು. ಮಷೀನು ತೊಳೆದ ಪಾತ್ರೆಯಲ್ಲಿ ಮಾಡಿದ ಅಡುಗೆ ತಮಗೆ ಬೇಡವೆಂದು ಎರಡು ದಿನ ಬರೀ ಹಾಲು, ಬಾಳೆಹಣ್ಣು. ಮೂರನೆಯ ದಿನ ಅದೇನು ತಿಳಿಯಿತೋ, ತಾವೇ ಎಲೆಯ ಮುಂದೆ ಬಂದು ಕೂತು, “ಬಡಸು, ಅದರಾಗೇ ಮಾಡಿದ್ದು ಬಡಸು” ಎಂದರು. ಎರಡು ಸಲ ಸಾರು ಹಾಕಿಸಿಕೊಂಡರು. ಅಂಬಾಬಾಯಿಗೆ ಎಷ್ಟು ಹಿಗ್ಗಾಯಿತೆಂದರೆ ಗದ್ವಾಲಕ್ಕೆ ಫೋನು ಹಚ್ಚಿ, “ನಿಮ್ಮಪ್ಪ ಕರಗ್ಯಾರ. ನನ್ನ ಕೈ ನೋಡಿ ಕರಗ್ಯಾರ. ಬಾಯಲೆ ಹೇಳಂಗಿಲ್ಲ ಅಷ್ಟೇ” ಎಂದು ಮಗಳ ಮುಂದೆ ಹೇಳಿಕೊಂಡಿದ್ದಳು.

ಆ ಹಿಗ್ಗು ಒಂದು ದಿನವೂ ಬಾಳಲಿಲ್ಲ. ಮಷೀನು ನರಳಲು ಶುರುಮಾಡಿತು.

ಮಗ ರಾಘು ಮಕ್ತಲದಲ್ಲಿ ಸರಕಾರಿ ಕಾಗದಪತ್ರ ತೆಗೆದುಕೊಡುವ ಮೀ-ಸೇವಾ ಅಂಗಡಿ ಇಟ್ಟವನು. ಲೋಕದ ಸಮಸ್ಯೆಗೆಲ್ಲ ಅವನ ಹತ್ತಿರ ಒಂದು ಉತ್ತರ ಇದ್ದೇ ಇರುತ್ತದೆ. ನೆಲ ಸಮ ಇಲ್ಲ ಎಂದು ಮಷೀನಿನ ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟ. ಸದ್ದು ಹಾಗೇ ಇತ್ತು. ಇನ್ನೊಂದು ಕಾಲಿಗೂ ಇಟ್ಟ. ಈಗ ಮಷೀನು ಸದ್ದೂ ಮಾಡಿತು, ಕುಣಿಯಲೂ ಕುಣಿಯಿತು. “ಕಂಪನಿದೇ ಫಾಲ್ಟ್ ಅಮ್ಮಾ” ಎಂದು ತೀರ್ಪು ಕೊಟ್ಟು ಗಾಡಿ ಹತ್ತಿ ಹೋದ. ಸೌಟಿನ ಹಿಡಿ ಒಳಗಿನ ರೆಕ್ಕೆಗೆ ಬಡಿಯುತ್ತಿರಬೇಕು ಎಂದಳು ಕೃಷ್ಣಪ್ರಿಯಾ. ಅಂಬಾಬಾಯಿ ಸೌಟು ತೆಗೆದಳು, ಕರಿಯುವ ಝಾರಿ ತೆಗೆದಳು, ಕೊನೆಗೆ ಪಾತ್ರೆಯನ್ನೇ ಇಡದೆ ಬರಿದೇ ತಿರುಗಿಸಿದಳು. ಬರಿ ಹೊಟ್ಟೆಯಲ್ಲೂ ಅದು ಅಷ್ಟೇ ನರಳಿತು. ತಳದ ಜಾಲರಿ ಬಿಚ್ಚಿ ತೊಳೆ ಎಂದಳು ಮಗಳು. ಬಿಚ್ಚಿದರೆ ಒಂದು ನಿಂಬೆ ಬೀಜ, ನಾಲ್ಕು ಕರಿಬೇವಿನ ಕಡ್ಡಿ. ತೊಳೆದದ್ದೂ ಆಯಿತು, ಆ ತೊಳೆಯುವುದರಲ್ಲೇ ಹೆಬ್ಬೆರಳಿನ ಸೀಳು ಮತ್ತೆ ಬಾಯಿಬಿಟ್ಟದ್ದೂ ಆಯಿತು. ಸದ್ದು ಮಾತ್ರ ಎಲ್ಲಿಗೂ ಹೋಗಲಿಲ್ಲ.

ಕಂಪನಿಯ ನಂಬರಿಗೆ ಫೋನು ಮಾಡಿದರೆ ತೆಲುಗಿಗೆ ಎರಡು ಒತ್ತಿ ಎಂದಿತು. ಒತ್ತಿದಳು. ಪಾತ್ರೆ ಮಷೀನಿಗೆ ಐದು ಒತ್ತಿ. ಒತ್ತಿದಳು. ಬೆರಳಿಗೆ ಮುಲಾಮು ಹಚ್ಚಿದ್ದರಿಂದ ಐದರ ಬದಲು ಆರು ಒತ್ತಿ ಹೋಗಿ, ಫ್ರಿಜ್ಜಿನ ಹುಡುಗಿಯೊಬ್ಬಳು ಬಂದು ನಿಮ್ಮ ಫ್ರಿಜ್ಜಿಗೆ ಏನಾಗಿದೆ ಎಂದು ನಯವಾಗಿ ಕೇಳಿದಳು. “ನನ್ನ ಫ್ರಿಜ್ಜು ಭೇಷಾಗೈತಿ ತಾಯೀ, ನಂಗಾಗೈತಿ” ಎಂದು ಮೊಗುಲಮ್ಮನ ಧಾಟಿಯಲ್ಲಿ ಅಂದು ಫೋನು ಕುಕ್ಕಿದಳು. ಅಂಗಳ ಗುಡಿಸುತ್ತಿದ್ದ ಮೊಗುಲಮ್ಮ ಬಿದ್ದು ಬಿದ್ದು ನಕ್ಕಳು. ಮೆಕ್ಯಾನಿಕ್ ನಾಳೆ ಬರುತ್ತಾನೆ ಎಂದು ಮೂರು ದಿನ ಹೇಳಿದರು. ಮೂರು ನಾಳೆಗಳೂ ಹೋದವು.

ಇವತ್ತು ಹತ್ತನೆಯ ದಿನ, ಎರಡನೆಯ ಶನಿವಾರ. ಕಚೇರಿಗೆ ರಜೆ. ಪೂಜೆ ನಡುವೆಯೇ ಎದ್ದು ಬಂದ ಆಚಾರ್ಯರು ಪಡಸಾಲೆಯ ಬಾಗಿಲಲ್ಲಿ ನಿಂತರು.

“ಸಂಜಿತನಾ ಟೈಮ್ ಅದ. ಆ ಮೆಕ್ಯಾನಿಕ್ ಬಂದು ಸುಮ್ಮ ಮಾಡಿದ್ರ ಸರಿ. ಇಲ್ಲಾಂದ್ರ ಇವತ್ತೇ ವಾಪಸ್. ಇವತ್ತಿಗೆ ತಾರೀಖು ಮುಗೀತದ, ಆಮ್ಯಾಲೆ ಕಂಪನಿಯವ್ರು ಮಾತೇ ಕೇಳಂಗಿಲ್ಲ.”

“ಆಮ್ಯಾಲೆ ಯಾರು ತೊಳೀಬೇಕು?”

“ಮೊದಲು ಯಾರು ತೊಳೀತಿದ್ರು?” ಎಂದರು ಆಚಾರ್ಯರು. ತುಸು ಮೆತ್ತಗೆ, “ನಾ ಬ್ಯಾಡ ಅಂದಿಲ್ಲ, ಅಂಬಾ. ಉಂಡೀನಿ, ಇಲ್ಲಾ? ಆದ್ರ ಇದು ದೇವರ ಮನಿಗೆ ಒಗ್ಗವಲ್ದು. ಜಪಕ್ಕ ಕೂತ್ರ ಸಾಕು ಒದರ್ತದ. ಇದೂ ಒಂದು ಸೂಚನಾ ಇರ್ಬೇಕು” ಎಂದರು.

ಅಂಬಾಬಾಯಿಗೆ ಪಿತ್ತ ನೆತ್ತಿಗೇರಿತು. ಸೂಚನೆಯಂತೆ ಸೂಚನೆ! ದೇವರಿಗೆ ಬೇರೆ ಕೆಲಸವಿಲ್ಲ, ಅಂಬಾಬಾಯಿಯ ಮಷೀನಿನೊಳಗೆ ಕೂತು ಹಲ್ಲು ಕಡಿಯುತ್ತಾನೆ. ಮಷೀನಿನ ಒಳಗೆ ನಿನ್ನೆಯ ಪಾಯಸದ ಪಾತ್ರೆ ತಳದಲ್ಲಿ ಹಾಲಿನ ಕರಕಲು ಕಚ್ಚಿಕೊಂಡು ಹಾಗೇ ಕೂತಿತ್ತು. ಎರಡು ಸಲ ತಿರುಗಿಸಿದರೂ ಬಿಟ್ಟಿರಲಿಲ್ಲ. ಅದನ್ನು ನೋಡಿದರೆ ಅವಳ ಬೆರಳು ತಾನಾಗಿ ಉರಿಯಿತು.

ಮೆಕ್ಯಾನಿಕ್ ಮಹೇಂದರ್ ಹತ್ತು ಗಂಟೆಗೆ ಬಂದ. ಊಟ್ಕೂರಿನ ಹುಡುಗ ಎಂದು ಹೇಳಿಕೊಂಡನಾದರೂ ಹುಡುಗನೇನಲ್ಲ, ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು ಬಂದಿದ್ದವು. ಮಹಬೂಬನಗರದಿಂದ ಗದ್ವಾಲದವರೆಗೆ ಈ ಕಂಪನಿಗೆ ತಾನೊಬ್ಬನೇ ಎಂದು ಬೈಕು ನಿಲ್ಲಿಸುವ ಮೊದಲೇ ಹೇಳಿ, ಮೂರು ದಿನ ಬಾರದ್ದಕ್ಕೆ ಮಾತು ಮುಗಿಸಿಬಿಟ್ಟ. ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು, ಒಳಗಿದ್ದ ಆಚಾರ್ಯರ ಒದ್ದೆ ಪಂಚೆ, ಮೈಮೇಲಿನ ಮುದ್ರೆ ನೋಡಿ, “ಎಲ್ಲಿ ಮಟ ಬರ್ಲಿರಿ ಅಮ್ಮಾ?” ಎಂದ. ಇಂಥ ಮನೆಗಳು ಅವನಿಗೆ ಹೊಸತಲ್ಲ ಎಂದು ಆ ಒಂದು ಪ್ರಶ್ನೆಯಲ್ಲೇ ತಿಳಿಯಿತು. ಅಂಬಾಬಾಯಿಗೆ ನಾಚಿಕೆಯಾಯಿತು.

“ಹಿತ್ತಲ ಕಡಿಂದ ಬಾರಪ್ಪಾ. ಮಷೀನು ಅಲ್ಲೇ ಅದ.”

ಮಹೇಂದರ್ ಮಷೀನು ಚಾಲೂ ಮಾಡಿ, ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾ ನಿಂತ. ಗುಂಯ್. ಕಟಕಟ. ಗುಳುಗುಳು. ಅವನು ಕಿವಿ ಹಚ್ಚಲಿಲ್ಲ, ಮೊಣಕಾಲೂರಲಿಲ್ಲ.

“ಬಂದ ದಿನದಿಂದ ಹಿಂಗೇ ಐತೇನ್ರಿ?”

“ಇಲ್ಲಪ್ಪಾ. ಮೊದಲೆರಡು ದಿನ ಸದ್ದೇ ಇದ್ದಿಲ್ಲ.”

“ಆಮ್ಯಾಲ ಯಾರರ ಏನರ ಮಾಡೀರೇನು? ಬಿಚ್ಚಾದು, ಸರಿಸಾದು?”

“ರಟ್ಟು ಇಟ್ಟೀವಿ. ಜಾಲರಿ ತೊಳದೀನಿ. ಅದೂ ಸದ್ದು ಬಂದ ಮ್ಯಾಲೆ.”

ಮಹೇಂದರ್ ರಟ್ಟುಗಳನ್ನು ಕಾಲಿನಿಂದ ಈಚೆ ತಳ್ಳಿದ. ಬಾಗಿಲು ತೆರೆದು ಒಳಗಿನ ಜಾಲರಿ ನೋಡಿದ, ರೆಕ್ಕೆ ಬೆರಳಿನಿಂದ ತಿರುಗಿಸಿದ. ತಳದಲ್ಲಿ ಒಂದು ಬೊಗಸೆಯಷ್ಟೇ ನೀರು ಕಂಡು ತುಟಿ ಮುಂದೆ ಮಾಡಿದ.

“ಏನೂ ಆಗಿಲ್ರಿ ಮಷೀನಿಗೆ. ನೀರೇ ಇಲ್ಲ. ನೀರು ಸಾಲದೇ ಪಂಪು ಗಾಳಿ ಎಳ್ಯಾಕ ಹತ್ತೈತಿ. ಆವಾಜ್ ಬರದೇ ಏನು ಮಾಡೀತು?”

“ಟಾಕಿ ತುಂಬಿ ಅದಲಪ್ಪಾ! ಬೆಳಿಗ್ಗೆನೇ ಬೋರ್ ಹಚ್ಚೀನಿ.”

ಮಹೇಂದರ್ ಗೋಡೆಯ ನಲ್ಲಿ ಮುಚ್ಚಿ ಪೈಪು ಬಿಚ್ಚಿದ. ಕೆಳಗೆ ಬಕೀಟು ಇಟ್ಟು ನಲ್ಲಿ ತಿರುವಿದರೆ ನೀರು ಧೋ ಎಂದು ಬಿದ್ದು ಅವನ ಪ್ಯಾಂಟೆಲ್ಲ ತೊಯ್ಯಿತು. ಅದೇ ಪೈಪನ್ನು ಮತ್ತೆ ನಲ್ಲಿಗೆ ಬಿಗಿದು, ಮಷೀನಿನ ಕಡೆಯ ತುದಿಯನ್ನು ಬಿಚ್ಚಿ ಬಕೀಟಿಗೆ ಹಿಡಿದ. ತೊಟ್ಟು. ಇನ್ನೊಂದು ತೊಟ್ಟು. ಸ್ವಲ್ಪ ಹೊತ್ತಿಗೆ ದಾರದಷ್ಟು ನೀರು.

“ನೋಡ್ರಿ ಅಮ್ಮಾ. ಅಲ್ಲಿ ಅಷ್ಟು ಫೋರ್ಸ್ ಐತಿ. ಇಲ್ಲಿ ಹಿಂಗ. ನಡುವ ಏನೋ ಕೂತೈತಿ.”

“ಅದನ್ನ ಮುಟ್ಟಬ್ಯಾಡ.”

ಮಾತಾಡಿದ್ದು ಆಚಾರ್ಯರು. ಯಾವಾಗ ಬಂದು ಬಾಗಿಲಲ್ಲಿ ನಿಂತರೋ, ಯಾರಿಗೂ ಗೊತ್ತಾಗಿರಲಿಲ್ಲ.

“ಮುಟ್ಟದೇ ಹ್ಯಾಂಗ ರಿಪೇರಿ ಮಾಡ್ಲಿರಿ ಸಾಮೀ? ಮಂತ್ರ ಹಾಕ್ಲ್ಯಾ?” ಎಂದ ಮಹೇಂದರ್. ಮೂರು ಜಿಲ್ಲೆಯ ಮಷೀನು ನೋಡುವವನ ತಾಳ್ಮೆಗೂ ಒಂದು ಮಿತಿ ಇರುತ್ತದಲ್ಲ. ಪೈಪಿನ ತಿರುಪಿನೊಳಗೆ ಚಿಮಟ ತೂರಿಸಿ ಎಳೆದ. ಮೊದಲು ಒಂದು ಕೆಂಪು ತುದಿ ಬಂತು. ಆಮೇಲೆ ಎಳೆದಷ್ಟೂ ಬಂತು. ನಾಲ್ಕು ಪದರು ಮಡಚಿದ, ಬೋರಿನ ನೀರಿನ ಸುಣ್ಣ ಕಚ್ಚಿ ಅಂಟಂಟಾದ ರೇಷ್ಮೆ ಬಟ್ಟೆಯ ತುಂಡು. ಅಂಚಿನಲ್ಲಿ ಒಂದು ಗೆರೆ ಜರಿ.

ಅಂಬಾಬಾಯಿಗೆ ನೋಡಿದ ಕೂಡಲೇ ಗುರುತು ಹತ್ತಿತು. ಆಚಾರ್ಯರು ಪೂಜೆಗೆ ಉಡುತ್ತಿದ್ದ ಹಳೆಯ ಮಗುಟದ ತುಂಡು. ರೇಷ್ಮೆಗೆ ಮೈಲಿಗೆ ತಾಗುವುದಿಲ್ಲವೆಂದು ಅವರು ಎಲ್ಲಿ ಹೋದರೂ ಒಯ್ಯುತ್ತಿದ್ದ ಕೆಂಪು ಮಗುಟ. ಅದು ಹೇಗೆ ಪೈಪಿನೊಳಗೆ ಹೋಯಿತು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಮಹೇಂದರ್ ಮಾತ್ರ, “ಇದೇನ್ರಿ ಇದು, ದೇವುಡಾ!” ಎಂದು ಬಟ್ಟೆಯನ್ನು ಚಿಮಟದಲ್ಲೇ ಎತ್ತಿ ಹಿಡಿದುಕೊಂಡಿದ್ದ.

ಅವನು ಪೈಪು ಬಿಗಿದು ಮಷೀನು ಚಾಲೂ ಮಾಡಿದ. ನೀರು ಒಳಗೆ ಬಿದ್ದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಚಾಲೂ ಇದೆಯೋ ಇಲ್ಲವೋ ಎಂದು ಮೂವರೂ ಅದರ ಮುಂದಿನ ಸಣ್ಣ ಹಸಿರು ದೀಪವನ್ನೇ ನೋಡುತ್ತಾ ನಿಂತರು. ಒಂದು ನಿಮಿಷ ಹಾಗೆ ನೋಡಿ, ಕೆಲಸ ಆಯಿತೆಂದು ಮಹೇಂದರ್ ಅದನ್ನು ನಿಲ್ಲಿಸಿದ.

“ಯಾವಾಗ ಹಾಕಿದ್ರಿ?” ಎಂದಳು ಅಂಬಾಬಾಯಿ.

ಆಚಾರ್ಯರು ಗಂಟಲು ಸರಿಮಾಡಿಕೊಂಡರು. “ನಮ್ಮಜ್ಜಾವ್ರು ರೈಲಿನಾಗ ಹೋಗುವಾಗ ಹಿಂಗೇ ಮಾಡ್ತಿದ್ರು. ನಲ್ಲಿ ನೀರು ಮಡಿ ವಸ್ತ್ರದಾಗ ಸೋಸಿ ಕುಡೀತಿದ್ರು. ಟಾಕಿ ನೀರು, ಪ್ಲಾಸ್ಟಿಕ್ ಪೈಪು. ಅದರಾಗ ತೊಳದದ್ದು ದೇವರಿಗೆ ಹ್ಯಾಂಗ ನಡೀತದ? ಬಟ್ಟೀಲೆ ಸೋಸಿದ್ರ ನಡೀತದ ಅಂತ…”

“ಯಾವಾಗ ಹಾಕಿದ್ರಿ ಅಂತ ಕೇಳೀನಿ.”

“ಬಂದ ಎರಡನೇ ದಿನ. ಸಂಜಿಮುಂದ.”

ಅಂಬಾಬಾಯಿ ಲೆಕ್ಕ ಹಾಕಬೇಕಾಗಿರಲಿಲ್ಲ. ಮೂರನೆಯ ದಿನ ಎಲೆಯ ಮುಂದೆ ಬಂದು ಕೂತದ್ದು, ಎರಡು ಸಲ ಸಾರು ಹಾಕಿಸಿಕೊಂಡದ್ದು, ತಾನು ಮಗಳಿಗೆ ಫೋನು ಮಾಡಿ ಹೇಳಿಕೊಂಡದ್ದು, ಎಲ್ಲ ಒಟ್ಟಿಗೇ ನೆನಪಾಗಿ ಮುಖ ಬಿಸಿಯಾಯಿತು. ಅವರು ಕರಗಿದ್ದು ತನ್ನ ಕೈ ನೋಡಿ ಅಲ್ಲ. ಪೈಪಿನೊಳಗೆ ಮಗುಟ ಇತ್ತು, ಅದಕ್ಕೆ ಉಂಡರು.

“ಮತ್ತ ಇಷ್ಟು ದಿನ ಗಂಟಿ ಬಾರಿಸಿದ್ರಲಾ? ಸೂಚನಾ ಅಂದ್ರಲಾ? ನಾ ಕೆನ್ನಿ ಹಚ್ಚಿ ಕೂಡ್ತಿದ್ದೆ, ಜಾಲರಿ ತಿಕ್ಕಿದೆ, ಬೆರಳಿಂದ ರಕ್ತ ಬಂತು. ಒಂದು ಮಾತು, ಒಂದು ಮಾತು ಹೇಳ್ಲಿಕ್ಕೆ ಏನಾಗಿತ್ತು?”

“ಬಟ್ಟಿಲಿಂದ ಸದ್ದು ಬರ್ತದ ಅಂತ ನಂಗೇನು ಗೊತ್ತು? ನಾನೇನು ಇಂಜಿನೀರೇ?” ಆಚಾರ್ಯರ ದನಿ ಏರಿತು, ಮಹೇಂದರ್ ಇದ್ದಾನೆಂದು ಇಳಿಯಿತು. “ನಿನ್ನ ಸಲುವಾಗೇ ಮಾಡೀನಿ, ಅಂಬಾ. ನೀ ನೀರಾಗ ಕೈ ಹಾಕಬಾರದು, ನಾ ಮಡಿ ಬಿಡಬಾರದು. ಎರಡೂ ಆಗ್ಲಿ ಅಂತ.”

ಸುಳ್ಳು ಹೇಳುತ್ತಿಲ್ಲ ಎಂದು ಅಂಬಾಬಾಯಿಗೆ ಗೊತ್ತಿತ್ತು. ಅದರಿಂದಲೇ ಸಿಟ್ಟು ಇನ್ನಷ್ಟು ಬಂತು. ಸುಳ್ಳಾಗಿದ್ದರೆ ಕೂಗಾಡಿ ಮುಗಿಸಬಹುದಿತ್ತು.

ಆಚಾರ್ಯರು ಮಹೇಂದರನ ಕಡೆ ತಿರುಗಿದರು. “ಒಂದು ಕೆಲಸ ಮಾಡಪ್ಪಾ. ನಾಲ್ಕು ಪದರು ಹೆಚ್ಚಾತು, ಒಪ್ಪತೀನಿ. ಒಂದೇ ಪದರು ಹಾಕು. ತೆಳ್ಳಗ.”

“ಒಂದೂ ಬ್ಯಾಡ್ರಿ. ನಿಮ್ಮ ಬೋರಿನ ನೀರು ಸುಣ್ಣದ್ದು, ನಾಕು ದಿನದಾಗ ಕಟ್ಕೊಂತೈತಿ. ಪಂಪು ಸುಟ್ರ ಕಂಪನಿಯೋರು ಜಿಮ್ಮೇದಾರಲ್ಲ. ಸೋಸಾಕ ಅವ್ರೇ ಒಳಗ ಜಾಲಿ ಹಾಕ್ಯಾರಲ್ರಿ.”

“ಅದು ಪ್ಲಾಸ್ಟಿಕ್.”

“ಹೌದ್ರಿ, ಪ್ಲಾಸ್ಟಿಕ್,” ಎಂದ ಮಹೇಂದರ್. ಜೇಬಿನಿಂದ ಮಡಚಿದ ಕಾಗದ ತೆಗೆದ. “ಏನಂತ ಬರೀಲಿರಿ? ವಾಪಸ್ ಅಂದ್ರ ಇವತ್ತೇ ಕಡೀ ದಿನ. ಮಧ್ಯಾಹ್ನ ಗಾಡಿ ಕಳಸ್ತೀನಿ. ಸರಿ ಆಗೈತಿ ಅಂದ್ರ ಇಲ್ಲಿ ಒಂದು ಸೈನ್.”

ಆಚಾರ್ಯರು ಆ ಅಂಟು ಬಟ್ಟೆಯನ್ನು ನೋಡಿದರು, ಮಷೀನನ್ನು ನೋಡಿದರು. ಬಟ್ಟೆ ಇದ್ದರೆ ಸದ್ದು, ಬಟ್ಟೆ ಇಲ್ಲದಿದ್ದರೆ ಮೈಲಿಗೆ. ಕಚೇರಿಯಲ್ಲಿ ಎರಡೂ ಕಡೆಯ ಪಾರ್ಟಿಯವರು ಎದುರು ನಿಂತಾಗ ಮಾಡುವ ಹಾಗೆ ಹೆಬ್ಬೆರಳಿನಿಂದ ಹುಬ್ಬು ತೀಡಿಕೊಂಡರು. ಕೊನೆಗೆ, “ವಾಪಸ್ಸೇ ಬರಿ. ಬ್ಯಾರೆ ದಾರಿ ಇಲ್ಲ. ಮೂರು ತಿಂಗಳು ಹ್ಯಾಂಗೋ ನೋಡೋಣು” ಎಂದರು.

“ಯಾರು ನೋಡೋದು?” ಎಂದಳು ಅಂಬಾಬಾಯಿ. “ಹ್ಯಾಂಗೋ ಅಂದ್ರ ಹ್ಯಾಂಗ? ನೀವು ನನ್ನ ಕೈ ಒಂದು ದಿನ ಹಿಡದು ನೋಡೀರೇನು? ಡಾಕ್ಟರು ನೋಡಿದ್ರು, ಮಗಳು ನೋಡಿದ್ಲು, ಮೊಗುಲಮ್ಮ ನೋಡಿ ಬೇವಿನೆಣ್ಣಿ ತಂದಾಳ. ನೀವು ಪೈಪ್ ನೋಡೀರಿ.”

“ಹೊರಗಿನವರ ಮುಂದ…”

“ಇರ್ಲಿ ಹೊರಗಿನವರು, ಕೇಳ್ಲಿ! ನಿಮ್ಮ ಮಡಿ ನಾ ಬಿಡ್ರಿ ಅನ್ನಂಗಿಲ್ಲ. ಎಂದೂ ಅಂದಿಲ್ಲ. ಆದ್ರ ಮಡಿ ನಿಮ್ದು, ಕೈ ನಂದು. ಇಷ್ಟು ದಿನ ಎರಡೂ ಒಂದೇ ಅಂತ ತಿಳದಿದ್ದೆ.” ಮಹೇಂದರನ ಕೈಯಿಂದ ಪೆನ್ನು ತೆಗೆದುಕೊಂಡಳು. “ಸರಿ ಆಗ್ಯದ ಅಂತ ಬರಿಯಪ್ಪಾ.”

ಬೆರಳು ಬಿಗಿಯಾಗಿ ಮಡಚಲು ಬರುತ್ತಿರಲಿಲ್ಲ. ಅಂಬಾಬಾಯಿ ಎಂಬ ನಾಲ್ಕಕ್ಷರ ಬರೆಯುವಷ್ಟರಲ್ಲಿ ಪೆನ್ನು ಎರಡು ಸಲ ಜಾರಿತು. ಮಹೇಂದರ್ ಅವಳ ಕೈ ನೋಡಿದ, ಕಾಗದ ಸರಿಯದ ಹಾಗೆ ಒತ್ತಿ ಹಿಡಿದ. ಆ ಕೆಂಪು ಬಟ್ಟೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಂಡಿ ತುಳಸಿಕಟ್ಟೆಯ ಹತ್ತಿರ ಒಣಹಾಕಿ ಹೋದ.

ಬೈಕಿನ ಸದ್ದು ಓಣಿ ದಾಟಿದ ಮೇಲೆ ಆಚಾರ್ಯರು, “ನೈವೇದ್ಯದ ಹೊತ್ತಾತು” ಎಂದರು. ಏನೂ ನಡೆದೇ ಇಲ್ಲ ಎಂಬ ದನಿ.

“ಆತು.”

“ಪಾತ್ರಿ?”

“ಅಲ್ಲೇ ಅವ, ಮಷೀನಿನಾಗ. ಗುಂಡಿ ಒತ್ತಿದ್ರ ತೊಳೀತದ. ನಿಮಗ ಅದು ನಡಿಯೂದಿಲ್ಲಾಂದ್ರ ನೈವೇದ್ಯದ ನಾಲ್ಕು ಪಾತ್ರಿ ನೀವ ತೊಳಕೋರಿ. ಹಿತ್ತಲದಾಗ ಕಲ್ಲದ, ಬಾವಿ ಅದ. ತೊಳದು ತಂದು ಕೊಡ್ರಿ, ಅಡಿಗಿ ನಾ ಮಾಡ್ತೀನಿ.”

ಆಚಾರ್ಯರು ನಕ್ಕರು. ಹೆಂಡತಿ ಹಾಸ್ಯ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಅಂಬಾಬಾಯಿ ನಗಲಿಲ್ಲ. ಹೋಗಿ ಹಿತ್ತಲಿನ ಮೆಟ್ಟಿಲ ಮೇಲೆ ಕೂತಳು. ಹತ್ತೂವರೆಯಾಯಿತು. ಹನ್ನೊಂದಾಯಿತು. ಈ ಮನೆಗೆ ಕಾಲಿಟ್ಟಾಗಿನಿಂದ ದೇವರ ಎಲೆ ತಡವಾದದ್ದಿಲ್ಲ. ಬಾಣಂತನದ ದಿನಗಳಲ್ಲಿ ಅತ್ತೆ ಮಾಡಿದರು, ಉಳಿದ ದಿನವೆಲ್ಲ ಇವಳೇ. ನಾಲ್ಕು ಪಾತ್ರೆ, ಕಾಲು ತಾಸಿನ ಕೆಲಸ, ಎದ್ದು ತೊಳೆದು ಬಿಸಾಕಿದರೆ ಆಯಿತಲ್ಲ ಎಂದು ಎರಡು ಸಲ ಎದ್ದೇಬಿಡುತ್ತಿದ್ದಳು. ಎರಡು ಸಲವೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ದೇವರೇ, ನೀನೇ ತುಸು ತಡಕೋ ಎಂದಳು.

ಒಳಗಿನಿಂದ ತಂಬಿಗೆ ಕುಕ್ಕಿದ ಸದ್ದು. ಮತ್ತೆ ಸ್ನಾನದ ಸದ್ದು. ಸ್ವಲ್ಪ ಹೊತ್ತಿಗೆ ಆಚಾರ್ಯರು ಒದ್ದೆ ಪಂಚೆಯಲ್ಲಿ, ನಾಲ್ಕು ಪಾತ್ರೆ ಎದೆಗೆ ಅವಚಿಕೊಂಡು ಅವಳ ಪಕ್ಕದಿಂದಲೇ ಮೆಟ್ಟಿಲಿಳಿದು ಹೋದರು. ಅವಳ ಕಡೆ ನೋಡಲಿಲ್ಲ. ಬಾವಿಯಿಂದ ಎರಡು ಕೊಡ ಸೇದಿದರು. ಕಲ್ಲಿನ ಮುಂದೆ ಹೇಗೆ ಕೂಡಬೇಕೆಂದು ತಿಳಿಯದೆ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿ, ಕೊನೆಗೆ ಪದ್ಮಾಸನ ಹಾಕಿ ಕೂತರು. ಆ ಆಸನದಲ್ಲಿ ಪಾತ್ರೆ ತೊಳೆದವರನ್ನು ಅಂಬಾಬಾಯಿ ಈವರೆಗೆ ಕಂಡಿರಲಿಲ್ಲ.

“ಸೀಗಿಪುಡಿ ಎಲ್ಲದ?”

“ನಿಮ್ಮ ಬಲಗಡೆ. ಗೋಡಿ ಗೂಡಿನಾಗ.”

“ಯಾವಾಗಿಂದ ಅಲ್ಲಿ ಇಡ್ತಿ?”

“ಮೂವತ್ತು ವರ್ಷದಿಂದ.”

ಅವರು ಗೂಡಿಗೆ ಕೈ ಹಾಕಿ ಡಬ್ಬಿ ತೆಗೆದರು. ಒಂದು ಪಾತ್ರೆಗೆ ಸಾಲುವ ಪುಡಿಯನ್ನು ಅಲ್ಲ, ಒಂದು ಮದುವೆಯ ಪಾತ್ರೆಗೆ ಸಾಲುವಷ್ಟು ಸುರಿದರು. ಅಂಬಾಬಾಯಿ ತುಟಿ ಕಚ್ಚಿಕೊಂಡಳು. ಅನ್ನದ ಪಾತ್ರೆ ಆಯಿತು, ಬೇಳೆಯ ಪಾತ್ರೆ ಆಯಿತು, ಪಲ್ಯದ್ದೂ ಆಯಿತು. ಪಾಯಸದ ಪಾತ್ರೆಯ ಹತ್ತಿರ ಕೆಲಸ ನಿಂತಿತು. ನಾರಿನಿಂದ ತಿಕ್ಕಿದರು. ಪಾತ್ರೆಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಬಗ್ಗಿ, ಮೈಯ ಬಲವನ್ನೆಲ್ಲ ಬಿಟ್ಟು ತಿಕ್ಕಿದರು. ಹಾಲಿನ ಕರಕಲು ಬಿಡಲಿಲ್ಲ. ಉಗುರಿನಿಂದ ಕೆರೆಯತೊಡಗಿದರು.

“ಸ್ಸ್…” ಎಂದರು ಒಮ್ಮೆ.

ಅಂಬಾಬಾಯಿ ಮೆಟ್ಟಿಲ ಮೇಲಿಂದ ನೋಡುತ್ತಿದ್ದಳು. ಆಚಾರ್ಯರು ಪಾತ್ರೆಯನ್ನು ಕಲ್ಲಿನ ಮೇಲಿಟ್ಟು, ಉಗುರಿನ ಬದಿ ಸೀಳಿದ ತೋರುಬೆರಳನ್ನು ಬಿಸಿಲಿಗೆ ಹಿಡಿದು, ಬಹಳ ಹೊತ್ತು ಅದನ್ನೇ ನೋಡಿದರು. ತುಟಿಯ ಹತ್ತಿರ ತಂದು ಊದಿದರು. ಆಮೇಲೆ ಮತ್ತೆ ನೀರಿಗೆ ಅದ್ದಿದರು.